ಕಡಲಿಗೆ ತಳ್ಳಿದರೂ ತಿರುಗಿ ಬಂದವು

ಚೆನ್ನೈಗೆ ಬಂದು ನೆಲೆಸಿದ ಕರಾವಳಿಯವರಲ್ಲಿ ಬಲು ಹಳಬರೊಬ್ಬರು ಎಗ್ಮೋರಿನಲ್ಲಿದ್ದಾರೆ. ಪಾಂಥಿಯನ್ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಪ್ರಾಣಿ ವಿಭಾಗಕ್ಕೆ ಹೋದರೆ ಒಂದು ದೊಡ್ಡ ತಿಮಿಂಗಿಲದ ಅಸ್ಥಿಪಂಜರ ಕಾಣುತ್ತದೆ. 1874ರಲ್ಲಿ ಮಂಗಳೂರಿನ ದಡಕ್ಕೆ ಬಂದು ಬಿದ್ದದ್ದು ಅದು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಜಿಲ್ಲೆಯ ಕಡತಗಳು ಯಾವ ಊರಿಗೆ ಹೋಗುತ್ತಿದ್ದವೋ ಎಲುಬುಗಳೂ ಅದೇ ಊರಿಗೆ ಬಂದವು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ, ಒಂದು ಸೂಟ್‌ಕೇಸ್ ಹಿಡಿದು ಚೆನ್ನೈಗೆ ಬಂದ ನನಗೆ ಅದರ ಮೇಲೆ ಸ್ವಲ್ಪ ಬಾಂಧವ್ಯ. ಊರಿನಿಂದ ಯಾರಾದರೂ ಬಂದರೆ ಮರೀನಾ ಬೀಚ್, ಮೈಲಾಪುರದ ದೇವಸ್ಥಾನ ಆದಮೇಲೆ ಅಲ್ಲಿಗೊಮ್ಮೆ ಕರೆದುಕೊಂಡು ಹೋಗುತ್ತೇನೆ.

ಕಳೆದ ಡಿಸೆಂಬರಿನ ಒಂದು ಭಾನುವಾರ ಆರು ವರ್ಷದ ಮಗಳನ್ನು ಕರೆದೊಯ್ದಿದ್ದೆ. ಎಲುಬಿನ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಅಪ್ಪಾ, ಇದು ನೀರು ಬಿಟ್ಟು ದಡಕ್ಕೆ ಯಾಕೆ ಬಂತು? ದಾರಿ ತಪ್ತಾ?" ಎಂದಳು. ಬಾಗಿಲು ಹಾಕುವ ಹೊತ್ತಾಗಿತ್ತು. "ಹೂಂ ಪುಟ್ಟಾ, ದಾರಿ ತಪ್ತು" ಎಂದು ಹೊರಡಿಸಿದೆ.

ಸೋಮವಾರ ಊಟದ ಹೊತ್ತಿಗೆ ಇದನ್ನು ಪಕ್ಕದ ಸೀಟಿನ ಸಹೋದ್ಯೋಗಿಗೆ ಹೇಳಿದೆ. ಅವನು ತಿರುಚೆಂದೂರು ಕಡೆಯ ಮೀನುಗಾರರ ಮನೆಯ ಹುಡುಗ. ಆ ಸಾಲಿನ ಹಳ್ಳಿಯಿಂದ ಓದಿ ಮೇಲೆ ಬಂದವನು. ಡಬ್ಬಿ ಮುಚ್ಚುತ್ತಾ ಹೇಳಿದ: "ನಮ್ಮಪ್ಪನ ಮುಂದೆ ಹೀಗೆ ಹೇಳಬೇಡ. ದಾರಿ ತಪ್ಪಿದ್ದನ್ನು ದಾರಿಗೆ ಹಚ್ಚಿದರೆ ಹೋಗಬೇಕಲ್ಲ? ನಮ್ಮೂರಲ್ಲಿ ಹಚ್ಚಿದರೂ ಹೋಗಲಿಲ್ಲ. ಪೊಂಗಲ್‌ಗೆ ಊರಿಗೆ ಬಾ, ಅವರ ಬಾಯಿಂದಲೇ ಕೇಳು."

ಅವನು ಹೇಳುತ್ತಿದ್ದುದು 2016ರ ಜನವರಿಯ ಮಾತು. ಆ ತಿಂಗಳ 11ರ ಸಂಜೆ ತೂತುಕುಡಿ ಜಿಲ್ಲೆಯ ಮಣಪಾಡಿನಿಂದ ತಿರುಚೆಂದೂರಿನ ಕಡೆಗಿನ ಕರಾವಳಿಯಲ್ಲಿ ಪೈಲಟ್ ತಿಮಿಂಗಿಲಗಳ ದೊಡ್ಡ ಹಿಂಡು ದಡಕ್ಕೆ ಬರತೊಡಗಿತು. ಮಣಪಾಡು, ಕಲ್ಲಾಮೊಳಿ, ಆಲಂತಲೈ, ಹೀಗೆ ಊರೂರಿನ ಮರಳಿನ ಮೇಲೆ ಕಪ್ಪು ಮೈಗಳು. ಅಧಿಕಾರಿಗಳು ಆಗ ಕೊಟ್ಟ ಲೆಕ್ಕದ ಪ್ರಕಾರ ದಡಕ್ಕೆ ಬಂದವು 81, ಸತ್ತವು 45, ಕಡಲಿಗೆ ಹಿಂದಿರುಗಿಸಿದವು 36. ಈ ಕೊನೆಯ ಅಂಕಿಯ ಬಗ್ಗೆ ಸಹೋದ್ಯೋಗಿಯ ಅಪ್ಪನಿಗೆ ಇವತ್ತಿಗೂ ನಂಬಿಕೆಯಿಲ್ಲ. "ಹೋಗಿದ್ದನ್ನು ಎಣಿಸಿದರು ತಂಬಿ, ಬಂದಿದ್ದನ್ನು ಯಾರು ಎಣಿಸಿದರು?" ಎನ್ನುತ್ತಾರೆ.

ನನಗೆ ಆ ಸುದ್ದಿ ನೆನಪಿತ್ತು. ಅದು ಚೆನ್ನೈನ ಮಹಾಪ್ರವಾಹ ಆಗಿ ಒಂದೂವರೆ ತಿಂಗಳೂ ಕಳೆಯದ ಸಮಯ. ನಮ್ಮ ಕ್ಯಾಂಟೀನಿನಲ್ಲಿ ಎಲ್ಲರದೂ ಒಂದೇ ಮಾತು: ಮೊದಲು ಮಳೆ, ಈಗ ತಿಮಿಂಗಿಲ, ಇನ್ನು ಸುನಾಮಿಯೇ. ವಾಟ್ಸ್‌ಆ್ಯಪ್‌ನಲ್ಲಿ ದಿನಾಂಕ, ಗಂಟೆ ಸಮೇತ ಬಂದಿತ್ತು. ಸುನಾಮಿಯೇನೂ ಬರಲಿಲ್ಲ. ನಾವು ತಿಮಿಂಗಿಲಗಳನ್ನು ಮರೆತೆವು.

ಈ ಪೊಂಗಲ್‌ಗೆ ಎಗ್ಮೋರಿನಿಂದ ಚೆಂದೂರು ಎಕ್ಸ್‌ಪ್ರೆಸ್ ಹಿಡಿದು ಹೋದೆವು. ಮನೆ ಕಡಲಿಗೆ ಇನ್ನೂರು ಹೆಜ್ಜೆ. ಅಂಗಳದಲ್ಲಿ ಬಲೆ, ಗೋಡೆಯ ಮೇಲೆ ಶಿಲುಬೆ, ಒಲೆಯ ಮೇಲೆ ಸಕ್ಕರೆ ಪೊಂಗಲ್. ಅವರಿಗೆ ಅರವತ್ತೈದು ದಾಟಿದೆ. ಕಡಲಿಗೆ ಹೋಗುವುದನ್ನು ಬಿಟ್ಟು ಮೂರು ವರ್ಷ, ಮೊಣಕಾಲು ಕೇಳುವುದಿಲ್ಲ. ನನ್ನ ಕಂಗ್ಲಿಷ್ ಬೆರೆತ ತಮಿಳನ್ನು ಅವರು ನಗದೇ ಕೇಳಿಸಿಕೊಂಡರು, ಅದೇ ದೊಡ್ಡದು.

ಅವರು ತಮ್ಮ ಜೀವಮಾನದಲ್ಲಿ ಇದನ್ನು ಎರಡು ಸಲ ಕಂಡವರು. ಮೊದಲನೆಯದು 1973, ಅವರಿಗಾಗ ಹದಿನಾಲ್ಕು ವರ್ಷ. ಜನವರಿ 14ರಂದು ಇದೇ ಮಣಪಾಡಿನ ಸುತ್ತ 147 ಪೈಲಟ್ ತಿಮಿಂಗಿಲಗಳು ದಡ ಹತ್ತಿದ್ದವು. ಈ ಸಂಖ್ಯೆ ದಾಖಲೆಯಲ್ಲಿರುವುದಕ್ಕೆ ತೂತುಕುಡಿಯಲ್ಲಿದ್ದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರಣ. ಕೆ. ಅಳಗರಸ್ವಾಮಿ ಮತ್ತು ಜೊತೆಯವರು ಸ್ಥಳಕ್ಕೆ ಹೋಗಿ ನೋಡಿ ಪ್ರಬಂಧ ಬರೆದರು. (ಅದೇ ಅಳಗರಸ್ವಾಮಿಯವರು ಅದೇ ವರ್ಷ ತೂತುಕುಡಿಯಲ್ಲಿ ಚಿಪ್ಪಿನೊಳಗೆ ಮುತ್ತು ಬೆಳೆಸುವ ಕೆಲಸದಿಂದ ದೇಶಕ್ಕೆಲ್ಲ ಹೆಸರಾದರು. ತಿಮಿಂಗಿಲದ ಪ್ರಬಂಧ ಯಾರಿಗೂ ಅಷ್ಟು ನೆನಪಿಲ್ಲ.) ಹುಡುಗನಾಗಿದ್ದ ಇವರಿಗೆ ನೆನಪಿರುವುದು, ದಡದುದ್ದಕ್ಕೂ ದೋಣಿಗಳನ್ನು ಮಗುಚಿ ಹಾಕಿದಂತೆ ಕಾಣುತ್ತಿತ್ತು ಎಂಬುದು. ಮತ್ತೆ ಸದ್ದು. "ಮೀನಿಗೆ ಬಾಯಿಲ್ಲ ತಂಬಿ. ಇವಕ್ಕೆ ಬಾಯಿತ್ತು. ರಾತ್ರಿಯೆಲ್ಲ ಕೇಳುತ್ತಿತ್ತು."

ಎರಡನೇ ಸಲದ ಹೊತ್ತಿಗೆ ಅವರು ದೋಣಿಯ ಯಜಮಾನರು. ಅವತ್ತು ರಾತ್ರಿ ಊರಿನ ಗಂಡಸರು ಎದೆಮಟ್ಟದ ನೀರಿಗಿಳಿದು ಕೈಗೆ ಸಿಕ್ಕ ಸಣ್ಣವನ್ನು ತಳ್ಳಿದರು. ದೊಡ್ಡವು ಅಲ್ಲಾಡಲಿಲ್ಲ. ಬೆಳಗಾದಮೇಲೆ ದೋಣಿ ತಂದು, ಬಾಲಕ್ಕೆ ಹಗ್ಗ ಬಿಗಿದು, ಮೋಟಾರು ಹಚ್ಚಿ ಎಳೆದರು. ಇವರ ದೋಣಿಯೊಂದೇ ಐದನ್ನು ಎಳೆದುಕೊಂಡು ಹೋಗಿ ಆಳದಲ್ಲಿ ಬಿಟ್ಟಿತು. ಹಗ್ಗ ಬಿಚ್ಚಿದೊಡನೆ ಒಂದು ಗಳಿಗೆ ಹಾಗೇ ತೇಲುವುದು, ಆಮೇಲೆ ನಿಧಾನ ತಿರುಗುವುದು. ಮೂತಿ ದಡದ ಕಡೆಗೆ. ದೋಣಿ ದಡ ಮುಟ್ಟುವ ಮೊದಲೇ ಅದು ಮುಟ್ಟಿರುತ್ತಿತ್ತು. "ಐದರಲ್ಲಿ ಮೂರನ್ನು ಎರಡೆರಡು ಸಲ ಎಳೆದೆ" ಎಂದರು.

ನಾನಿದನ್ನು ಬರೆಯಲು ಕೂತದ್ದು ಆ ಮೂರರಿಂದಾಗಿಯೇ. ದಾರಿ ತಪ್ಪಿದ ಪ್ರಾಣಿ ಹೀಗೆ ಮಾಡುವುದಿಲ್ಲ. ಅದು ಎಲ್ಲಿಗೆ ಹೋಗುತ್ತಿದೆ ಎಂಬುದು ಅದಕ್ಕೆ ಚೆನ್ನಾಗಿಯೇ ಗೊತ್ತಿತ್ತು.

ಹೆಸರಿಗೆ ತಿಮಿಂಗಿಲವಾದರೂ ಪೈಲಟ್ ತಿಮಿಂಗಿಲ ಕುಲದಲ್ಲಿ ಡಾಲ್ಫಿನ್. ತಮಿಳಿನಲ್ಲಿ ಡಾಲ್ಫಿನ್‌ಗೆ ಓಂಗಿಲ್ ಎನ್ನುತ್ತಾರೆ, ಇದು ಅದರ ದೊಡ್ಡಣ್ಣ. ಮೈ ಇದ್ದಿಲಿನ ಬಣ್ಣ, ಹಣೆ ಮಡಕೆಯಂತೆ ಉಬ್ಬಿದ್ದು. ಐದಾರು ಮೀಟರ್ ಉದ್ದ, ತೂಕ ಟನ್‌ಗಟ್ಟಲೆ. ಎರಡು ಜಾತಿಗಳಲ್ಲಿ ನಮ್ಮ ಬೆಚ್ಚನೆಯ ನೀರಿನಲ್ಲಿರುವುದು ಗಿಡ್ಡ ರೆಕ್ಕೆಯದು. ಊಟ ಮುಖ್ಯವಾಗಿ ಸ್ಕ್ವಿಡ್, ಮಂಗಳೂರಿನವರ ಬೊಂಡಾಸ್, ಇಲ್ಲಿಯವರ ಕಣವಾಯ್. ಅದಕ್ಕಾಗಿ ಸಾವಿರ ಮೀಟರ್ ಆಳದವರೆಗೂ ಮುಳುಗಬಲ್ಲದು. ಆ ಕಗ್ಗತ್ತಲೆಯಲ್ಲಿ ಬೇಟೆಯ ಹಿಂದೆ ಓಡುವ ರಭಸ ನೋಡಿ ಕ್ಯಾನರಿ ದ್ವೀಪಗಳ ಬಳಿ ಅಧ್ಯಯನ ಮಾಡಿದವರು ಇದನ್ನು ಆಳಗಡಲಿನ ಚೀತಾ ಎಂದು ಕರೆದರು. ಅಂಥ ಪ್ರಾಣಿ ಎದೆಮಟ್ಟದ ನೀರಿನಲ್ಲಿ ಕಾಣಿಸಿತೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಇವುಗಳ ಸಂಸಾರ ವಿಚಿತ್ರ. ಹಿಂಡು ಕಟ್ಟುವುದು ತಾಯಿಯ ಕಡೆಯಿಂದ. ಮಗಳು ತಾಯಿಯ ಜೊತೆ, ಮಗನೂ ತಾಯಿಯ ಜೊತೆ. ಗಂಡು ಬೇರೆ ಹಿಂಡಿನ ಹೆಣ್ಣನ್ನು ಕೂಡಿ ತನ್ನ ಅಮ್ಮನ ಮನೆಗೇ ಹಿಂದಿರುಗುತ್ತದೆ. ಹೆಣ್ಣು ಮೂವತ್ತೈದು ನಲವತ್ತು ವರ್ಷಕ್ಕೆ ಹೆರುವುದನ್ನು ನಿಲ್ಲಿಸುತ್ತದೆ, ಆದರೆ ಅರವತ್ತರ ತನಕ ಬದುಕಬಲ್ಲದು. ಜಪಾನಿನ ಕರಾವಳಿಯ ಅಧ್ಯಯನಗಳಿಂದ ಇದು ತಿಳಿಯಿತು. ಮುಟ್ಟು ನಿಂತಮೇಲೂ ದಶಕಗಟ್ಟಲೆ ಬಾಳುವ ಪ್ರಾಣಿಗಳು ಲೋಕದಲ್ಲಿ ಬೆರಳೆಣಿಕೆಯಷ್ಟು. ಮನುಷ್ಯರು, ಓರ್ಕಾ, ಪೈಲಟ್ ತಿಮಿಂಗಿಲ, ಇನ್ನೆರಡು ಮೂರು. ಓರ್ಕಾಗಳಲ್ಲಿ ಊಟ ಕಡಿಮೆಯಾದ ವರ್ಷ ಹಿಂಡಿನ ಮುಂದೆ ಹೋಗುವವು ಇಂಥ ಅಜ್ಜಿಯರೇ ಎಂದು ಕಂಡಿದ್ದಾರೆ. ತಿಪಟೂರಿನ ನಮ್ಮ ಮನೆಯಲ್ಲೂ ಬರಗಾಲದ ವರ್ಷ ಯಾವ ಬಾವಿಯ ಬುಡದಲ್ಲಿ ಊಟೆ ಇದೆ ಎಂದು ಗೊತ್ತಿದ್ದದ್ದು ಅಜ್ಜಿಗೆ ಮಾತ್ರ, ಹಾಗಾಗಿ ನನಗಿದು ಆಶ್ಚರ್ಯ ಎನಿಸಲಿಲ್ಲ.

ಒಂದು ಮುಂದೆ ಹೋದರೆ ಉಳಿದವು ಹಿಂಬಾಲಿಸುತ್ತವೆ ಎಂಬ ನಂಬಿಕೆಯಿಂದಲೇ ಪೈಲಟ್ ಎಂಬ ಹೆಸರು ಬಂತು. ದಡ ಹತ್ತುವುದರ ಬಗ್ಗೆ ಬಹಳ ಕಾಲದಿಂದ ಇರುವ ವಿವರಣೆಯೂ ಇದೇ: ಹಿಂಡಿನಲ್ಲೊಂದು ಕಾಯಿಲೆಯಿಂದಲೋ ಗಾಯದಿಂದಲೋ ತೀರಕ್ಕೆ ಬರುತ್ತದೆ, ಅದು ಕೂಗುತ್ತದೆ, ಆರೋಗ್ಯವಾಗಿರುವವು ಬಿಟ್ಟು ಹೋಗುವುದಿಲ್ಲ. 2023ರ ಜುಲೈನಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಟೋಲ್ಸ್ಟಾ ಕಡಲತೀರಕ್ಕೆ 55 ಬಂದು ಬಿದ್ದವು. ಅವುಗಳಲ್ಲೊಂದು ಹೆರಿಗೆ ಕಷ್ಟವಾದ ತಾಯಿ. ಹಿಂಡು ಆಕೆಯ ಹಿಂದೆ ಬಂದಿರಬೇಕು ಎಂದು ಅಲ್ಲಿ ಪರೀಕ್ಷೆ ಮಾಡಿದವರು ಆಗ ಹೇಳಿದರು. ಅದೇ ತಿಂಗಳು ಪಶ್ಚಿಮ ಆಸ್ಟ್ರೇಲಿಯಾದ ಚೇನ್ಸ್ ಬೀಚಿನಲ್ಲಿ ಸುಮಾರು ನೂರು ತಿಮಿಂಗಿಲಗಳು ಮೊದಲು ನೀರಿನಲ್ಲೇ ಮೈಗೆ ಮೈ ತಾಗಿಸಿ ಗುಂಪಾಗಿ ನಿಂತವು. ಡ್ರೋನ್ ಚಿತ್ರದಲ್ಲಿ ಆ ಗುಂಪು ಹೃದಯದ ಆಕಾರದಲ್ಲಿ ಕಂಡು ಜಗತ್ತೆಲ್ಲ ಹಂಚಿಕೊಂಡಿತು. ಸಂಜೆ ದಡ ಹತ್ತಿದವು. ರಾತ್ರಿ ಕಳೆಯುವಷ್ಟರಲ್ಲಿ 51 ಸತ್ತವು, ಉಳಿದವನ್ನು ಸ್ವಯಂಸೇವಕರು ಇಡೀ ದಿನ ನೀರಿಗೆ ತಳ್ಳಿದರೂ ತಿರುಗಿ ಬಂದವು. ಕೊನೆಗೆ ದಯಾಮರಣ ಕೊಡಬೇಕಾಯಿತು. ಮಣಪಾಡಿನ ಯಜಮಾನರು ಕಂಡದ್ದು ಇದನ್ನೇ.

ನನಗೆ ಇಲ್ಲಿ 2015ರ ಡಿಸೆಂಬರ್ 1ರ ರಾತ್ರಿ ನೆನಪಾಗುತ್ತದೆ. ವೇಳಚ್ಚೇರಿಯಲ್ಲಿ ನಾವು ನಾಲ್ವರು ಕನ್ನಡದ ಹುಡುಗರು ಬಾಡಿಗೆಗಿದ್ದೆವು. ಕೆಳಗೆ ಮನೆ ಮಾಲೀಕರ ಸಂಸಾರ. ಬೆಳಗಾಗುವಷ್ಟರಲ್ಲಿ ಕೆಳಮನೆ ಪೂರ್ತಿ ನೀರು, ಎಲ್ಲರೂ ನಮ್ಮ ಮಹಡಿಯಲ್ಲಿ. ಕಡಲ ಕಡೆಯಿಂದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಬೀದಿ ಬೀದಿಯಲ್ಲಿ ಜನರನ್ನು ಇಳಿಸುತ್ತಿದ್ದರು. ನಮ್ಮ ಮನೆ ಮುಂದೆಯೂ ಬಂದರು. ಮಾಲೀಕರ ತಾಯಿ, ಎಂಬತ್ತು ದಾಟಿದ ಪಾಟಿ, ಬರುವುದಿಲ್ಲ ಎಂದು ಕೂತರು. ಪಾಟಿ ಬಾರದೆ ಮಗ ಬರುವುದಿಲ್ಲ, ಮಗ ಬಾರದೆ ಸೊಸೆ ಮಕ್ಕಳು ಬರುವುದಿಲ್ಲ, ಅವರನ್ನು ಬಿಟ್ಟು ನಾವು ಹೇಗೆ ಹತ್ತುವುದು? ದೋಣಿ ಎರಡು ಸಲ ಖಾಲಿ ಹೋಯಿತು. ಮೂರನೇ ಸಲ ದೋಣಿಯವನೇ ಮೇಲೆ ಹತ್ತಿ ಬಂದು ಪಾಟಿಯನ್ನು ಮಗುವಿನಂತೆ ಎತ್ತಿಕೊಂಡು ಇಳಿದ. ಆಮೇಲೆ ಒಂಬತ್ತು ಜನರೂ ಎರಡು ನಿಮಿಷದಲ್ಲಿ ಹತ್ತಿದೆವು.

ಹೋಲಿಕೆ ಚೆನ್ನಾಗಿ ಕೂರುತ್ತದೆ. ಕೂರುವುದೇ ನನಗೆ ಅನುಮಾನ. ನಮ್ಮ ಕೆಲಸದಲ್ಲಿ ಸಿಸ್ಟಮ್ ಕೆಟ್ಟರೆ ಮೂಲ ಕಾರಣದ ವರದಿ ಬರೆಯಬೇಕು. ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದೇನೆಂದರೆ, ಮೀಟಿಂಗಿನಲ್ಲಿ ಎಲ್ಲರೂ ತಲೆದೂಗುವ ಕಾರಣವನ್ನೇ ಮೊದಲು ಲಾಗ್‌ಗೆ ಹಚ್ಚಿ ನೋಡಬೇಕು. ಒಬ್ಬರನ್ನೊಬ್ಬರು ಬಿಡದ ಕುಟುಂಬ ಎಂಬ ಈ ಕಥೆಯನ್ನೂ ಹಾಗೆ ನೋಡಿದವರಿದ್ದಾರೆ. ನ್ಯೂಜಿಲೆಂಡ್ ಮತ್ತು ಟಾಸ್ಮೇನಿಯಾದಲ್ಲಿ 12 ಸಲ ದಡ ಹತ್ತಿದ ಉದ್ದ ರೆಕ್ಕೆಯ ಪೈಲಟ್ ತಿಮಿಂಗಿಲಗಳಲ್ಲಿ 490ರ ಡಿಎನ್‌ಎ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಒಂದೊಂದು ಹಿಂಡಿನಲ್ಲೂ ಒಂದಕ್ಕಿಂತ ಹೆಚ್ಚು ತಾಯಿವಂಶಗಳಿದ್ದವು. ದಡದ ಮೇಲೆ ಹತ್ತಿರ ಹತ್ತಿರ ಬಿದ್ದವು ನೆಂಟರೇ ಆಗಿರಬೇಕೆಂದಿರಲಿಲ್ಲ. ಎಷ್ಟೋ ಮರಿಗಳ ತಾಯಂದಿರು ದೂರದಲ್ಲಿ ಬಿದ್ದಿದ್ದರು, ಕೆಲವು ಮರಿಗಳ ತಾಯಿ ಆ ದಡದಲ್ಲೇ ಇರಲಿಲ್ಲ. ಅಂದರೆ ಅನಾಹುತಕ್ಕೆ ಮೊದಲೇ, ಅಥವಾ ಅದರ ನಡುವೆ, ಆ ಕುಟುಂಬಗಳು ಚೆದುರಿದ್ದವು. ಮಮತೆಯೇ ಎಲ್ಲರನ್ನೂ ದಡಕ್ಕೆ ತಂದಿತು ಎಂದು ಒಂದೇ ಮಾತಿನಲ್ಲಿ ಮುಗಿಸಲಾಗುವುದಿಲ್ಲ. ಹಲವು ಕುಟುಂಬಗಳು ಸೇರಿದ ಜಂಗುಳಿಯಲ್ಲಿ ಗಲಿಬಿಲಿಯೂ ಇತ್ತು, ತಾಯಿ ಮರಿಯನ್ನು ಹುಡುಕುವುದೂ ಇತ್ತು.

ಕಡಲ ತಳದ ಪಾಲೂ ಇದೆ. ಇವು ಸದ್ದು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಎದುರಿಗಿರುವುದನ್ನು ಅರಿಯುತ್ತವೆ. ಬಂಡೆಗೋಡೆಯಾದರೆ ಪ್ರತಿಧ್ವನಿ ಸ್ಪಷ್ಟ. ನಿಧಾನಕ್ಕೆ ಏರುತ್ತಾ ಹೋಗುವ ಮರಳಿನ ತಳದಿಂದ ಸರಿಯಾಗಿ ಮರಳುವುದಿಲ್ಲ, ಎದುರಿಗೆ ಬಯಲು ಕಡಲೇ ಇದೆ ಎನಿಸಬಹುದು. ಮತ್ತೆ ಮತ್ತೆ ಹಿಂಡುಗಳು ದಡ ಹತ್ತುವ ಕುಖ್ಯಾತ ಜಾಗಗಳು ಬಹುತೇಕ ಹೀಗೇ ಇವೆ. ನ್ಯೂಜಿಲೆಂಡಿನ ಫೇರ್‌ವೆಲ್ ಸ್ಪಿಟ್ ಎಂಬ ಕೊಕ್ಕೆಯಾಕಾರದ ಮರಳುದಿಣ್ಣೆಯಲ್ಲಿ 2017ರ ಫೆಬ್ರವರಿಯಲ್ಲಿ ಒಂದೇ ರಾತ್ರಿ ನಾನೂರಕ್ಕೂ ಹೆಚ್ಚು ಬಂದವು. ಟಾಸ್ಮೇನಿಯಾದ ಮಕ್ವಾರಿ ಹಾರ್ಬರ್‌ನಲ್ಲಿ 2020ರ ಸೆಪ್ಟೆಂಬರಿನಲ್ಲಿ ಸುಮಾರು 470 ಸಿಲುಕಿದವು, ಉಳಿದದ್ದು ನೂರಕ್ಕೆ ಸ್ವಲ್ಪ ಮೇಲೆ. ಎರಡು ವರ್ಷ ಬಿಟ್ಟು ಅದೇ ತಿಂಗಳು ಅದೇ ಕಡೆ ಮತ್ತೆ ಸುಮಾರು 230. ಮಣಪಾಡಿನಲ್ಲೂ ಕಡಲಿಗೆ ಚಾಚಿಕೊಂಡ ಮರಳಿನ ದಿಣ್ಣೆಯೊಂದಿದೆ, ಅದರ ತುದಿಯ ಗುಡ್ಡದ ಮೇಲೆ ಹೋಲಿ ಕ್ರಾಸ್ ಇಗರ್ಜಿ.

ಮನುಷ್ಯರ ಕೈವಾಡವೂ ಕೆಲವು ಕಡೆ ಸಾಬೀತಾಗಿದೆ. ಸ್ಕಾಟ್ಲೆಂಡಿನ ಕೈಲ್ ಆಫ್ ಡರ್ನೆಸ್‌ನಲ್ಲಿ 2011ರಲ್ಲಿ ನಡೆದದ್ದಕ್ಕೆ ನೌಕಾಪಡೆಯವರು ಹತ್ತಿರದ ನೀರಿನಲ್ಲಿ ಹಳೆಯ ಬಾಂಬುಗಳನ್ನು ಸಿಡಿಸಿದ್ದು ಕಾರಣವಿರಬೇಕೆಂದು ಅಲ್ಲಿಯ ಸರ್ಕಾರದ ವರದಿಯೇ 2015ರಲ್ಲಿ ಹೇಳಿತು. ಆದರೆ ತಿರುಚೆಂದೂರಿನ ಸಾವುಗಳಿಗೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಗಲಿಲ್ಲ. 1973ರಲ್ಲೂ ಜನವರಿ, 2016ರಲ್ಲೂ ಜನವರಿ, ಎರಡೂ ಪೊಂಗಲ್‌ನ ಆಸುಪಾಸು. ಊರಿನವರು ಇದನ್ನು ಬೆರಳು ಮಡಿಸಿ ಹೇಳುತ್ತಾರೆ. ಎರಡು ಚುಕ್ಕಿಯಿಂದ ಯಾವ ಗೆರೆ ಬೇಕಾದರೂ ಎಳೆಯಬಹುದು ಎಂದು ನಾನು ಸುಮ್ಮನಾದೆ.

ಇಷ್ಟು ಓದಿಕೊಂಡು ಹೋಗಿದ್ದೆ. ಓದುವಾಗಲೇ ಇನ್ನೊಂದು ವಿಷಯವೂ ಕಣ್ಣಿಗೆ ಬಿದ್ದಿತ್ತು. ಅದನ್ನು ಹೇಳಬೇಕೋ ಬಾರದೋ ಎಂದು ರೈಲಿನಲ್ಲಿ ಮಗನ ಹತ್ತಿರವೇ ಕೇಳಿದ್ದೆ. "ಬೇಡ ಬಿಡು, ವಯಸ್ಸಾದವರು" ಎಂದಿದ್ದ.

ಬಾಲಕ್ಕೆ ಹಗ್ಗ ಕಟ್ಟಿ ಎಳೆಯಬಾರದು. ಲೋಕದಲ್ಲಿ ಈ ಕೆಲಸ ಮಾಡುವವರೆಲ್ಲ ಮೊದಲು ಹೇಳುವ ಮಾತು ಇದು. ಟನ್‌ಗಟ್ಟಲೆ ತೂಕದ ಮೈಯನ್ನು ಬಾಲದಿಂದ ಜಗ್ಗಿದರೆ ಬೆನ್ನುಮೂಳೆಯ ಕೀಲು ತಪ್ಪಬಹುದು. ನೀರಿನಲ್ಲಿ ಹಿಮ್ಮುಖವಾಗಿ ಎಳೆದರೆ ನೆತ್ತಿಯ ಮೇಲಿನ ಉಸಿರಿನ ತೂತಿಗೆ ನೀರು ನುಗ್ಗಬಹುದು. ಮೀನಲ್ಲ, ಉಸಿರಾಡುವ ಪ್ರಾಣಿ, ಮುಳುಗಿಯೇ ಸಾಯುತ್ತದೆ.

ಮಧ್ಯಾಹ್ನ ಊಟವಾದಮೇಲೆ ಅವರೇ ಕೇಳಿದರು. "ತಂಬಿ, ನೀನು ಕಂಪ್ಯೂಟರಿನಲ್ಲಿ ಎಲ್ಲ ನೋಡಿದ್ದೀಯ ಅಂತ ಇವನು ಹೇಳಿದ. ನಾವು ಮಾಡಿದ್ದು ಸರಿಯಾ?"

ಮಗ ನನ್ನ ಮುಖ ನೋಡಿದ. ನಾನು ಸುತ್ತಿ ಬಳಸಿ ಶುರು ಮಾಡಿದೆ. ಅವತ್ತು ದಡದ ಮೇಲೆ ಬಿದ್ದವುಗಳಲ್ಲಿ ಹೆಚ್ಚಿನವು ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ. ನೀರಿನಲ್ಲಿ ಹಗುರವಾಗಿದ್ದ ಮೈ ಮರಳಿನ ಮೇಲೆ ತನ್ನದೇ ಭಾರಕ್ಕೆ ತಾನೇ ಜಜ್ಜಿಹೋಗುತ್ತದೆ, ಉಸಿರು ಎಳೆಯುವುದೇ ಕಷ್ಟ. ಚರ್ಮದ ಕೆಳಗಿನ ದಪ್ಪ ಕೊಬ್ಬಿನಿಂದಾಗಿ ಒಳಗೇ ಕುದಿಯುತ್ತದೆ. ಭೂಕಂಪದಲ್ಲಿ ಗೋಡೆಯಡಿ ಸಿಕ್ಕವರ ಸ್ನಾಯು ಜಜ್ಜಿ ಆ ವಿಷ ಮೂತ್ರಪಿಂಡಕ್ಕೆ ಹೋಗುತ್ತದಲ್ಲ, ಹಾಗೆ ಇವಕ್ಕೂ ಆಗುತ್ತದೆ, ಕಡಲಿಗೆ ಬಿಟ್ಟಮೇಲೂ ಎಷ್ಟೋ ಸಾಯುತ್ತವೆ. ಇದೆಲ್ಲ ನಿಜ. ಆದರೆ ಅವರು ಕೇಳಿದ್ದು ಇದನ್ನಲ್ಲ. ಕೊನೆಗೆ ಹೇಳಿದೆ: "ಬಾಲಕ್ಕೆ ಹಗ್ಗ ಕಟ್ಟಬಾರದಿತ್ತಂತೆ ಅಪ್ಪಾ."

ಅವರು ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು. "ಯಾರೂ ಹೇಳಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹತ್ತಿರ ಇದ್ದದ್ದು ಹಗ್ಗ ಒಂದೇ."

ಅದೂ ನಿಜವೇ. ಅಂಥ ರಾತ್ರಿ ಏನು ಮಾಡಬೇಕೆಂಬ ರಾಷ್ಟ್ರಮಟ್ಟದ ಮಾರ್ಗಸೂಚಿಯನ್ನು ಕೇಂದ್ರ ಪರಿಸರ ಸಚಿವಾಲಯ ಬಿಡುಗಡೆ ಮಾಡಿದ್ದು 2021ರ ಜನವರಿಯಲ್ಲಿ, ತಿರುಚೆಂದೂರಿನ ಘಟನೆಯಾಗಿ ಐದು ವರ್ಷಕ್ಕೆ. ಎಲ್ಲ ಜಾತಿಯ ತಿಮಿಂಗಿಲ ಡಾಲ್ಫಿನ್‌ಗಳಿಗೂ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ, ಹುಲಿಗೆ ಇರುವಷ್ಟೇ. ಮುಟ್ಟಬಾರದು ಎಂದು ಕಾನೂನು ಹೇಳುತ್ತದೆ. ಮುಟ್ಟಲೇಬೇಕಾದ ರಾತ್ರಿ ಹೇಗೆ ಮುಟ್ಟಬೇಕೆಂಬುದು ದಡದಲ್ಲಿರುವವರಿಗೆ ತಲುಪಬೇಕಲ್ಲ?

"ಹಾಗಾದರೆ ಹೇಗೆ ಮಾಡಬೇಕಿತ್ತು?" ಎಂದು ಕೇಳಿದರು. ಫೋನಿನಲ್ಲಿ ಇಳಿಸಿಕೊಂಡಿದ್ದನ್ನು ಮಗ ತಮಿಳಿನಲ್ಲಿ ಓದಿದ. ಮೊದಲು ಅರಣ್ಯ ಇಲಾಖೆಗೆ ಕರೆ ಮಾಡುವುದು. ಪಕ್ಕಕ್ಕೆ ಉರುಳಿದ್ದರೆ ಹೊಟ್ಟೆಯ ಮೇಲೆ ಕೂರಿಸುವುದು. ಒದ್ದೆ ಬಟ್ಟೆ ಹೊದಿಸಿ ನೀರು ಹನಿಸುತ್ತಿರುವುದು, ಉಸಿರಿನ ತೂತನ್ನು ಮಾತ್ರ ಮುಚ್ಚದಿರುವುದು, ಅದರೊಳಗೆ ನೀರೂ ಮರಳೂ ಹೋಗದಂತೆ ನೋಡುವುದು. ಪಕ್ಕದ ರೆಕ್ಕೆಗಳ ಕೆಳಗೆ ಮರಳು ತೋಡಿ ಗುಂಡಿ ಮಾಡುವುದು, ಇಲ್ಲವಾದರೆ ರೆಕ್ಕೆ ಮುರಿಯುತ್ತದೆ. ಸುತ್ತ ಗದ್ದಲ ಮಾಡದಿರುವುದು. ಉಬ್ಬರ ಬರುವವರೆಗೆ ಕಾಯುವುದು. ಮತ್ತೆ ಬಹಳ ಮುಖ್ಯವಾದದ್ದು, ಒಂದೊಂದಾಗಿ ಬಿಡದೆ ಸಾಧ್ಯವಾದಷ್ಟನ್ನು ನೀರಿನಲ್ಲಿ ಒಟ್ಟು ಸೇರಿಸಿ, ಒಂದಕ್ಕೊಂದು ದನಿ ಕೇಳುವಂತಾದ ಮೇಲೆ ಒಟ್ಟಿಗೇ ಆಳದ ಕಡೆ ಹೊರಡಿಸುವುದು. ಇಲ್ಲವಾದರೆ ದಡದಲ್ಲಿ ಉಳಿದದ್ದರ ಕೂಗಿಗೆ ಹೋದದ್ದು ತಿರುಗಿ ಬರುತ್ತದೆ.

ಕೊನೆಯದನ್ನು ಕೇಳಿ ಅವರು ತಲೆದೂಗಿದರು. ಉಬ್ಬರದ ಮಾತಿಗೆ ನಕ್ಕುಬಿಟ್ಟರು. "ಇದನ್ನು ಬರೆದವನು ನಮ್ಮ ಕಡಲು ನೋಡಿಲ್ಲ. ಇಲ್ಲಿ ಉಬ್ಬರ ಅಂದರೆ ಮೊಣಕಾಲಿಂದ ತೊಡೆಗೆ. ಅದು ಬಂದು ಇದನ್ನು ಎತ್ತುತ್ತದಾ?" ಮನ್ನಾರ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಒಂದು ಮೀಟರೂ ಆಗುವುದಿಲ್ಲ. ನ್ಯೂಜಿಲೆಂಡಿನಲ್ಲಿ ಕಡಲು ತಾನೇ ಬಂದು ತಿಮಿಂಗಿಲವನ್ನು ಎತ್ತಿಕೊಡುತ್ತದೆ, ಇಲ್ಲಿ ಮನುಷ್ಯರೇ ಎತ್ತಬೇಕು. ಅವರ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಏನೂ ಇರಲಿಲ್ಲ.

ಆಗ ಶ್ರೀಲಂಕಾದ ಪಾನದುರೈಯ ವಿಷಯ ಹೇಳಿದೆ. ಕೊಲಂಬೊದ ದಕ್ಷಿಣಕ್ಕಿರುವ ಆ ದಡಕ್ಕೆ 2020ರ ನವೆಂಬರ್ 2ರಂದು ನೂರಕ್ಕೂ ಹೆಚ್ಚು ಇದೇ ಜಾತಿಯವು ಬಂದವು. ಕೊರೊನಾ ಕರ್ಫ್ಯೂ ಇತ್ತು. ಆದರೂ ಊರಿನವರು, ನೌಕಾಪಡೆಯವರು, ಕರಾವಳಿ ಕಾವಲು ಪಡೆಯವರು ರಾತ್ರಿಯಿಡೀ ನೀರಿನಲ್ಲಿ ನಿಂತು, ನೀರಿನ ಸ್ಕೂಟರ್‌ಗಳಿಂದ ಎಳೆದು, ಬೆಳಗಾಗುವಷ್ಟರಲ್ಲಿ ಬಹುತೇಕ ಎಲ್ಲವನ್ನೂ ಆಳಕ್ಕೆ ಸೇರಿಸಿದರು. ಸತ್ತದ್ದು ಬೆರಳೆಣಿಕೆಯಷ್ಟು. ಅಲ್ಲಿಯೂ ದೊಡ್ಡ ಉಬ್ಬರವಿಲ್ಲ. "ರಾತ್ರಿಯೇ ಶುರು ಮಾಡಿದರಾ?" ಎಂದು ಕೇಳಿದರು. ಹೌದೆಂದೆ. "ನಾವೂ ರಾತ್ರಿಯೇ ಇಳಿದೆವು. ಆದರೆ ದೋಣಿ ತಂದದ್ದು ಬೆಳಿಗ್ಗೆ." ಆ ಮಾತನ್ನು ಅವರು ಎರಡು ಸಲ ಹೇಳಿದರು.

ಸಂಜೆ ದಡಕ್ಕೆ ಹೋದೆವು. ಮಣಪಾಡಿನ ಇಗರ್ಜಿ ದೂರಕ್ಕೆ ಬೆಳ್ಳಗೆ ಕಾಣುತ್ತಿತ್ತು. ಸತ್ತವನ್ನು ಜೆಸಿಬಿ ತರಿಸಿ ದಡದಲ್ಲೇ ಗುಂಡಿ ತೋಡಿ ಹೂತಿದ್ದರು. ಎಲ್ಲಿ ಎಂದು ಕೇಳಿದೆ. ಕೈ ಬೀಸಿ ಒಂದು ಜಾಗ ತೋರಿಸಿದರು, ಆಮೇಲೆ ಇನ್ನೂ ಸ್ವಲ್ಪ ಆಚೆ ಇರಬೇಕು ಎಂದರು. ಗುರುತೇನೂ ಇಲ್ಲ. ಹುಡುಗರು ಬೆಣಚುಕಲ್ಲು ಪೇರಿಸಿ ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು.

ನಾನು ಮಗಳಿಗೆಂದು ಚಿಪ್ಪು ಆರಿಸುತ್ತಿದ್ದಾಗ ಅವರು ಒಂದು ಹಳೆಯ ಬಲೆಯ ತುಂಡು ಹಿಡಿದುಕೊಂಡು ಬಂದು ಮರಳ ಮೇಲೆ ಹರಡಿದರು. ಅದರ ಮೇಲೆ ಅಡ್ಡಡ್ಡ ಗೋಣಿಚೀಲ ಹಾಸಿದರು. ನಾಲ್ಕು ಮೂಲೆಗೆ ನಾಲ್ಕು ಹಗ್ಗ. ಮಗನನ್ನು ಕರೆದು ನಡುವೆ ಮಲಗು ಎಂದರು. ಅವನು ನಗುತ್ತಾ ಶರ್ಟ್ ಕೊಡವಿಕೊಂಡು ಮಲಗಿದ. ಕ್ರಿಕೆಟ್ ಬಿಟ್ಟು ಹುಡುಗರು ಓಡಿ ಬಂದರು.

"ಬಾಲಕ್ಕೆ ಬೇಡ ಅಂದೆಯಲ್ಲ ತಂಬಿ. ಹೀಗೆ ಹೊಟ್ಟೆಯಡಿ ತೂರಿಸಿ, ಎರಡು ಕಡೆ ಎರಡು ದೋಣಿ ಕಟ್ಟಿದರೆ? ತಲೆ ಮುಂದೆ ಮಾಡಿ?"

ನನಗೆ ಗೊತ್ತಿಲ್ಲ ಎಂದೆ. ಚೆನ್ನೈಗೆ ಹೋಗಿ ತಿಳಿದವರಿಗೆ ಕೇಳಿ ಹೇಳುತ್ತೇನೆ ಎಂದೆ. ಅವರು ಆಗಲೇ ಹುಡುಗರಿಗೆ ಒಬ್ಬೊಬ್ಬರಿಗೆ ಒಂದೊಂದು ಹಗ್ಗ ಕೊಟ್ಟು, ಒಟ್ಟಿಗೇ ಎಳೆಯಬೇಕು, ಯಾರೂ ಮುಂದೆ ಹೋಗಬಾರದು ಎಂದು ಹೇಳುತ್ತಿದ್ದರು.